ಕೊಂಡವರ ಪಶ್ಚಾತ್ತಾಪವು

ಖಾನಾಪುರದ ಸಂತೆಯಲ್ಲಿ ಗಡಿಗೆಯನ್ನು ಕೊಳ್ಳಬಂದ ಹೆಣ್ಣುಮಗಳು ಮೊದಲು ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯ ಬೆರಳ ಗೆಣ್ಣಿನಿಂದ ಎರಡು ಮೂರು ಸಾರೆ ಬಡಿದು ನೋಡುವಳು. ಗಡಿಗೆಯು ಗಂಟೆಯಂತೆ ನುಡಿದರೆ ಕೊಳ್ಳುವಳು. ಒಡಕು ಸಪ್ಪಳವು ಬಂದರೆ ಮಾತಾಡದೆ ಕೆಳಗಿಟ್ಟು ಇನ್ನೊಂದನ್ನು ಎತ್ತುವಳು. ಕುಂಬಾರನಿಗೆ ಅದರಿಂದ ಸಿಟ್ಟು ಬರುವದಿಲ್ಲ. ಆ ಊರ ಮಣ್ಣು ಹಂಚಿಗೂ ಗಡಿಗೆಗೂ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಕುಂಬಾರಿಕೆಯ ಸಂಸ್ಥೆಯು ಅಲ್ಲಿಯೇ ನೆಲೆಗೊಂಡಿರುವದು. ತನ್ನ ಮಣ್ಣಿನ ಮೇಲೆ ನಂಬಿಗೆಯುಳ್ಳವನು ಪರೀಕ್ಷೆಗೆ ಏಕೆ ಅಂಜುವನು?

ಮೂವತ್ತೆರಡು ವರ್ಷ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟ ನಾವು, ಅರವತ್ತನೆಯ ವಯಸ್ಸಿನಲ್ಲಿ 94,500 ರೂಪಾಯಿ ತೆತ್ತು ಒಂದು ಗಣಕಯಂತ್ರವನ್ನು ಕೊಳ್ಳುವಾಗ ಆ ಹೆಣ್ಣುಮಗಳಷ್ಟು ವಿವೇಕವನ್ನು ತೋರಿಸಲಿಲ್ಲ. ಲ್ಯಾಪ್‌ಟಾಪೆಂಬದು ಬಡಿದು ನೋಡಲು ಬರುವ ವಸ್ತುವಲ್ಲವೆಂಬದು ನಿಜವು. ಆದರೆ ಬಾಯಿಬಿಟ್ಟು ಕೇಳಬಹುದಾದ ನಾಲ್ಕು ಮಾತುಗಳನ್ನಾದರೂ ನಾವು ಕೇಳಲಿಲ್ಲ. ಕೇಳುವವರು ಮನೆಯಲ್ಲಿ ಒಬ್ಬರಿದ್ದರು. ಅವರ ಮಾತನ್ನೂ ನಡೆಯಗೊಡಲಿಲ್ಲ. ಈ ಲೇಖನವನ್ನು ಬರೆಯಲು ಅದೇ ಮುಖ್ಯ ಕಾರಣವು.

ನಮ್ಮ ಮನೆಯು ಖಾನಾಪುರದಲ್ಲಿರುವದು. ಮಗನು ಮುಂಜಾನೆಯ ಗಾಡಿಗೆ ಬೆಳಗಾವಿಗೆ ಹೋಗಿ ಸಂಜೆಗೆ ಬರುವನು. ಸೊಸೆಯು ವಾಣಿಜ್ಯಶಾಸ್ತ್ರದ ಪದವೀಧರೆಯು. ಕೂಸನ್ನು ನೋಡಿಕೊಳ್ಳುತ್ತ ಮನೆಯಲ್ಲಿಯೇ ಕುಳಿತು ಒಂಬತ್ತು ಮಂದಿ ವ್ಯಾಪಾರಿಗಳ ಲೆಕ್ಕಪತ್ರಗಳನ್ನು ಬರೆದುಕೊಡುವಳು. 2017ನೆಯ ಇಸವಿಯ ಜುಲೈ 1ರಿಂದ ಜಿ.ಎಸ್.ಟಿ. ಎಂಬ ತೆರಿಗೆಯು ಬಂದ ಮೇಲೆ ಸಣ್ಣ ಅಂಗಡಿಕಾರರಿಗೂ ಇಂಥವರ ನೆರವಿಲ್ಲದೆ ನಡೆಯದಂತಾಗಿರುವದು. ತಿಂಗಳು ತಿಂಗಳು ಲೆಕ್ಕ ಒಪ್ಪಿಸುವವರು 11ನೆಯ ತಾರೀಖಿನೊಳಗೆ ಮಾರಾಟದ ವಿವರವನ್ನೂ 20ನೆಯ ತಾರೀಖಿನೊಳಗೆ ತೆರಿಗೆಯ ಪತ್ರವನ್ನೂ ಸಲ್ಲಿಸಬೇಕು. ತಪ್ಪಿದರೆ ದಿನಕ್ಕೆ 50 ರೂಪಾಯಿಯಂತೆ ದಂಡವು ಏರುತ್ತ ಹೋಗುವದು. ಆದಕಾರಣ ನಮ್ಮ ಮನೆಯಲ್ಲಿ ಆ ಯಂತ್ರವು ಆಟದ ಸಾಮಾನಲ್ಲ. ಒಕ್ಕಲಿಗನ ಮನೆಯಲ್ಲಿ ಎತ್ತು ಹೇಗೋ ಹಾಗೆ.

ನಮ್ಮ ತೀರ್ಥರೂಪರು ಬದುಕಿರುವವರೆಗೆ ಬೆಳಗಾವಿಯ ಖಡೇಬಜಾರಿನ ಒಂದೇ ಅಂಗಡಿಯಲ್ಲಿ ಧೋತರವನ್ನು ಕೊಂಡರು. ಪಕ್ಕದ ಅಂಗಡಿಯಲ್ಲಿ ಎಂಟಾಣೆ ಅಗ್ಗವೆಂದು ಯಾರು ಹೇಳಿದರೂ ಕೇಳಲಿಲ್ಲ. ಆ ಅಂಗಡಿಯ ಯಜಮಾನನು ನಮ್ಮ ಅಕ್ಕಂದಿರ ಲಗ್ನದ ಸೀರೆಗಳನ್ನು ಕೊಟ್ಟವನು. ಒಂದು ಸಾರೆ ಸೀರೆಯ ಬಣ್ಣ ಬಿಟ್ಟಿತೆಂದು ಒಯ್ದು ತೋರಿಸಿದಾಗ, ಆತನು ಗಾದಿಯಿಂದೆದ್ದು ಬೇರೊಂದನ್ನು ಮಡಿಕೆಗಟ್ಟಿ ಕೊಟ್ಟು ಚಹವನ್ನೂ ತರಿಸಿದನು. ನಿಷ್ಠೆಯೆಂದರೆ ಹೀಗೆ ಎರಡು ಕಡೆಯಿಂದ ಬೆಳೆದದ್ದೆಂದು ನಾವು ತಿಳಿದುಕೊಂಡಿದ್ದೆವು. 2011ರಲ್ಲಿ ನಮ್ಮ ಮನೆಗೆ ಬಂದ ಮೊದಲನೆಯ ಗಣಕಯಂತ್ರವು ಒಂದು ದೊಡ್ಡ ಕಂಪನಿಯದು. ಅದು ಒಂಬತ್ತು ವರ್ಷ ತಕರಾರಿಲ್ಲದೆ ನಡೆಯಿತು. 2017ರಲ್ಲಿ ಮಗನಿಗಾಗಿ ಕೊಂಡದ್ದೂ ಅದೇ ಕಂಪನಿಯದು. 2023ರ ಜೂನಿನಲ್ಲಿ ನಿವೃತ್ತಿಯ ಹಣವು ಕೈಗೆ ಬಂದಾಗ ಸೊಸೆಗೆ ಒಳ್ಳೆಯ ಯಂತ್ರವೊಂದನ್ನು ಕೊಡಿಸಬೇಕೆಂದು ಮನಸ್ಸಾಯಿತು. ಕಂಪನಿಯ ವಿಷಯದಲ್ಲಿ ನಮಗೆ ಎರಡನೆಯ ವಿಚಾರವೇ ಇರಲಿಲ್ಲ.

ಆಗ ಅವಳು ಅಂದದ್ದು ಇಷ್ಟೇ: "ಮಾವಾರ, ಕಂಪನಿ ಯಾವುದರ ಇರ್ಲಿ, ಕೆಟ್ಟಾಗ ನಮ್ಮ ಊರಾಗ ರಿಪೇರಿ ಆಗಬೇಕ್ರಿ. ಅಂಥಾದ್ದ ತಗೊಳ್ಳೋಣ." ನಾವು ನಕ್ಕುಬಿಟ್ಟೆವು. ಕೆಡದ ವಸ್ತುವನ್ನು ಕೊಳ್ಳುತ್ತಿರುವಾಗ ರಿಪೇರಿಯ ಮಾತೇಕೆಂದು ಕೇಳಿದೆವು. ಅವಳು ಸುಮ್ಮನಾದಳು. ಒಂದು ವರ್ಷದ ಖಾತರಿಯ ಮೇಲೆ 7,800 ರೂಪಾಯಿ ಹೆಚ್ಚಿಗೆ ಕೊಟ್ಟು ಇನ್ನೆರಡು ವರ್ಷದ ಖಾತರಿಯನ್ನೂ ಬರೆಯಿಸಿಕೊಂಡು, ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ನಾವು ಬಸ್ಸಿನಲ್ಲಿ ಖಾನಾಪುರಕ್ಕೆ ತಂದೆವು.

ಅದು ನಾಲ್ಕು ತಿಂಗಳು ಚೆನ್ನಾಗಿತ್ತು. ಅಕ್ಟೋಬರ ತಿಂಗಳ 18ನೆಯ ತಾರೀಖಿನ ರಾತ್ರಿ ಪರದೆಯು ಒಮ್ಮೆಲೇ ಕಪ್ಪಾಯಿತು. ಗುಂಡಿಯನ್ನು ಒತ್ತಿದರೆ ದೀಪವೊಂದು ಮಿಣುಕುವದು, ಆರುವದು. ಮರುದಿನ ಬೆಳಗಾವಿಯ ಸೇವಾಕೇಂದ್ರಕ್ಕೆ ಒಯ್ದೆವು. ಒಳಗಿನ ಮುಖ್ಯ ಫಲಕವು, ಎಂದರೆ ಅವರು ಮದರ್‌ಬೋರ್ಡ್ ಎಂದು ಕರೆಯುವದು, ಕೆಟ್ಟಿರುವದೆಂದು ಹೇಳಿ ಹದಿನಾರು ದಿನಗಳ ಮೇಲೆ ಹೊಸದನ್ನು ಹಾಕಿ ಕೊಟ್ಟರು. ದುಡ್ಡು ಕೇಳಲಿಲ್ಲ. ನಾವು ಮನೆಯವರೆದುರಿಗೆ ಕಂಪನಿಯ ಗುಣಗಾನವನ್ನೇ ಮಾಡಿದೆವು. ಆ ಹದಿನಾರು ದಿನ ಸೊಸೆಯು ರಾತ್ರಿ ಒಂಬತ್ತರ ಮೇಲೆ ಸ್ಟೇಶನ್ನಿನ ಹತ್ತಿರದ ಅಂಗಡಿಯೊಂದರಲ್ಲಿ ಕುಳಿತು ಕೆಲಸ ಮುಗಿಸಿದಳೆಂಬದೂ, ತಡವಾದ ಪತ್ರಗಳ ದಂಡವನ್ನು ತನ್ನ ಕೈಯಿಂದಲೇ ತುಂಬಿದಳೆಂಬದೂ ನಮಗೆ ಬಹಳ ದಿನಗಳ ಮೇಲೆ ಮಗನಿಂದ ತಿಳಿಯಿತು.

2024ರ ಮಾರ್ಚಿನಲ್ಲಿ, ವರ್ಷದ ಲೆಕ್ಕ ಮುಗಿಯುವ ವಾರದಲ್ಲಿಯೇ, ಅದೇ ರೋಗವು ಮರುಕಳಿಸಿತು. ಮತ್ತೆ ಫಲಕವನ್ನು ಬದಲಿಸಿದರು. ಈ ಸಾರೆ ಇಪ್ಪತ್ತಮೂರು ದಿನಗಳಾದವು.

ಈ ಅವಧಿಯಲ್ಲಿ ಕಂಪನಿಯ ಸಹಾಯವಾಣಿಯ ಪರಿಚಯವೂ ನಮಗಾಯಿತು. ಮೊದಲು ಒಂದನ್ನು ಒತ್ತಿರಿ, ಎರಡನ್ನು ಒತ್ತಿರಿ ಎಂದು ಯಂತ್ರವೇ ಮಾತಾಡುವದು. ಕನ್ನಡಕ್ಕೆ ಯಾವ ಅಂಕಿಯೂ ಇಲ್ಲ. ಬಳಿಕ ಸಂಗೀತವು. ಅರ್ಧ ತಾಸಿನ ಮೇಲೆ ಬರುವ ಮನುಷ್ಯನು ವಿನಯಶೀಲನೇ ಸರಿ. ಆದರೆ ಪ್ರತಿಸಲವೂ ಹೊಸಬನು. ಯಂತ್ರದ ಬೆನ್ನ ಮೇಲಿನ ಉದ್ದ ಸಂಖ್ಯೆಯನ್ನು ಓದಿ ಹೇಳಿ, ಕಥೆಯನ್ನು ಪ್ರಥಮಾಧ್ಯಾಯದಿಂದ ಆರಂಭಿಸಬೇಕು. ಎಲ್ಲವನ್ನೂ ಕೇಳಿ ಆತನು, ಯಂತ್ರವನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿ ನೋಡಿದಿರಾ ಎಂದು ವಿಚಾರಿಸುವನು. ಹಚ್ಚಲು ಬರದ ಯಂತ್ರವನ್ನು ಆರಿಸುವದು ಹೇಗೆಂಬ ನಮ್ಮ ಪ್ರಶ್ನೆಗೆ ಇನ್ನೂ ಉತ್ತರವು ದೊರೆತಿಲ್ಲ. ಹನ್ನೆರಡು ವರ್ಷಗಳಲ್ಲಿ ಮೂರು ಯಂತ್ರಗಳನ್ನು ಕೊಂಡವರು ನಾವೆಂದು ಒಬ್ಬನಿಗೆ ಹೇಳಿದೆವು. ಆತನು ಧನ್ಯವಾದಗಳನ್ನು ಅರ್ಪಿಸಿ, ಹಿಂದಿನ ಎರಡು ತನ್ನ ಪಟ್ಟಿಯಲ್ಲಿ ಕಾಣಿಸುವದಿಲ್ಲವೆಂದನು. ಖಡೇಬಜಾರಿನ ಆ ಯಜಮಾನನಿಗೆ ಯಾವ ಪಟ್ಟಿಯೂ ಬೇಕಾಗಿರಲಿಲ್ಲ.

ಮೂರನೆಯ ಸಲ ಯಂತ್ರವು ನಿಂತದ್ದು 2024ರ ಜುಲೈ ತಿಂಗಳಲ್ಲಿ. ಖಾನಾಪುರದ ಮಳೆಗಾಲವನ್ನು ಕಾಣದ ವಾಚಕರಿಗೆ ಎರಡು ಮಾತು ಹೇಳಬೇಕು. ತಾಲೂಕಿನ ಪಶ್ಚಿಮಕ್ಕೆ ಕಣಕುಂಬಿ, ಜಾಂಬೋಟಿಗಳ ಕಡೆಗೆ ಸಹ್ಯಾದ್ರಿಯು; ಮಲಪ್ರಭೆಯು ಹುಟ್ಟುವದು ಆ ಕಣಕುಂಬಿಯಲ್ಲಿಯೇ. ಆಷಾಢದಲ್ಲಿ ಬಿಸಿಲೆಂಬದು ಅಪರೂಪವು. ಡಬ್ಬಿಯೊಳಗಿನ ಉಪ್ಪು ನೀರೊಡೆಯುವದು. ಕಡ್ಡಿಪೆಟ್ಟಿಗೆಯ ಕಡ್ಡಿಯು ಗೀರಿದರೆ ಹೊತ್ತದು. ಕಪಾಟಿನೊಳಗಿನ ಚಪ್ಪಲಿಗೆ ಬೂಷ್ಟು ಬರುವದು. ಇಂಥ ಹವೆಯಲ್ಲಿ ಮನುಷ್ಯರು ತಲತಲಾಂತರದಿಂದ ಬಾಳಿಕೊಂಡು ಬಂದಿರುವರು.

ಸೇವಾಕೇಂದ್ರದವರು ಒಂಬತ್ತು ದಿನಗಳ ಮೇಲೆ ಒಂದು ಛಾಯಾಚಿತ್ರವನ್ನು ತೋರಿಸಿದರು. ಯಂತ್ರದ ಒಳಗೆ ಒಂದೆರಡು ಕಡೆ ಅಕ್ಕಿಕಾಳಿನಷ್ಟು ಸಣ್ಣ ಬಿಳಿಯ ಚೀಟಿಗಳನ್ನು ಅಂಟಿಸಿರುವರಂತೆ. ನೀರು ತಗಲಿದರೆ ಅವು ಕೆಂಪಾಗುವವಂತೆ. ನಮ್ಮ ಯಂತ್ರದಲ್ಲಿ, ಗಾಳಿಯನ್ನು ಹೊರಹಾಕುವ ಕಿಂಡಿಯ ಹತ್ತಿರದ ಚೀಟಿಯು ನಸುಗೆಂಪಾಗಿತ್ತು. ಆದ್ದರಿಂದ ನಾವು ನೀರು ಚೆಲ್ಲಿರುವೆವು. ಚೆಲ್ಲಿದ್ದಕ್ಕೆ ಖಾತರಿಯು ಅನ್ವಯಿಸುವದಿಲ್ಲ. ಹೊಸ ಫಲಕಕ್ಕೆ 46,000 ರೂಪಾಯಿ ಮತ್ತು ಮೇಲೆ ತೆರಿಗೆಯನ್ನು ಕೊಡಬೇಕು. ಇದು ಅವರ ನಿರ್ಣಯವು. ಒಂದು ಹನಿಯೂ ಬಿದ್ದಿಲ್ಲವೆಂದು ಸೊಸೆಯು ಹೇಳಿದಳು. ಕೂಸು ಚೆಲ್ಲಿರಬಹುದಲ್ಲವೇ ಎಂದು ಅಲ್ಲಿಯವನು ಕೇಳಿದನು. ಅವಳ ಮುಖವು ಆಗ ಆದದ್ದನ್ನು ನಾವು ಮರೆಯಲಾರೆವು. ಹಣವು ಹೋಗುವದು ಒಂದು ತೂಕ. ಸುಳ್ಳುಗಾರರೆನ್ನಿಸಿಕೊಳ್ಳುವದು ಇನ್ನೊಂದು ತೂಕ.

ಖಾನಾಪುರದಲ್ಲಿ ಗಣಕಯಂತ್ರಗಳನ್ನು ರಿಪೇರಿ ಮಾಡುವ ತರುಣನೊಬ್ಬನಿರುವನು. ಹಿಂದೆ ನಮ್ಮ ಶಾಲೆಯಲ್ಲಿ ಕಲಿತವನೇ. ಅವನಿಗೆ ಆ ಛಾಯಾಚಿತ್ರವನ್ನು ತೋರಿಸಿದೆವು. ಅವನು ಅದನ್ನು ದೊಡ್ಡದಾಗಿ ಮಾಡಿ ಬಹಳ ಹೊತ್ತು ನೋಡಿ, ಚೀಟಿಯ ಸುತ್ತಲೂ ಫಲಕದ ಮೇಲೆ ತುಕ್ಕಿನ ಇಲ್ಲವೆ ಕಲೆಯ ಗುರುತಿಲ್ಲವೆಂದು ಹೇಳಿದನು. "ಗುರುಗಳ, ಮಳಿಗಾಲದಾಗ ಇಲ್ಲಿ ಹಪ್ಪಳ ಮೆತ್ತಗಾಗ್ತಾವ. ಈ ಚೀಟಿ ಆಗೂದಿಲ್ಲೇನ್ರಿ?" ಎಂದನು. ಯಂತ್ರದೊಡನೆ ಬಂದ ಪುಸ್ತಿಕೆಯನ್ನು ಆ ರಾತ್ರಿ ನಾವು ಮೊದಲ ಸಲ ಪೂರ್ತಿಯಾಗಿ ಓದಿದೆವು. ಗಾಳಿಯ ತೇವವು ಶೇಕಡಾ 80ನ್ನು ಮೀರಬಾರದೆಂದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿತ್ತು. ಖಾನಾಪುರದ ಗಿರಾಕಿಗೆ ಮಾರುವಾಗ ಆ ಮಾತನ್ನು ಯಾರೂ ಆಡಿರಲಿಲ್ಲ.

ಇಂಥ ವ್ಯಾಜ್ಯಗಳು ಹೊಸವಲ್ಲ. ಕೊಂಡವನಿಗೆ ಆಗುವ ಪಶ್ಚಾತ್ತಾಪಕ್ಕೆ ನಮ್ಮ ಧರ್ಮಶಾಸ್ತ್ರಕಾರರು ಕ್ರೀತಾನುಶಯವೆಂದು ಹೆಸರಿಟ್ಟು, ಅದಕ್ಕಾಗಿಯೇ ಪ್ರಕರಣವನ್ನು ಬರೆದಿರುವರು. ಮನುಸ್ಮೃತಿಯು ಕೊಂಡದ್ದನ್ನು ಹತ್ತು ದಿನಗಳೊಳಗೆ ಮರಳಿಸಬಹುದೆನ್ನುವದು. ನಾರದನು ಇನ್ನೂ ಬಿಗಿ: ಅದೇ ದಿನ ಕೊಂಡಂತೆಯೇ ಮರಳಿಸಿದರೆ ಪೂರ್ಣ ಬೆಲೆಯು, ಮರುದಿನವಾದರೆ ಮೂವತ್ತನೆಯ ಒಂದು ಪಾಲು ಕಡಿತವು, ಮೂರನೆಯ ದಿನ ಅದರ ಇಮ್ಮಡಿಯು, ಆಮೇಲೆ ವಸ್ತುವು ಕೊಂಡವನದೇ. ಯಾಜ್ಞವಲ್ಕ್ಯನ ವ್ಯವಸ್ಥೆಯು ನಮಗೆ ಎಲ್ಲಕ್ಕೂ ಹೆಚ್ಚು ಯುಕ್ತವಾಗಿ ತೋರುವದು. ಆತನು ವಸ್ತುವಿನ ಗುಣವನ್ನು ನೋಡಿ ಪರೀಕ್ಷೆಯ ಅವಧಿಯನ್ನು ಗೊತ್ತುಮಾಡಿದನು: ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದೇ ದಿನ, ಹೇರುವ ಪಶುವಿಗೆ ಐದು, ರತ್ನಕ್ಕೆ ಏಳು, ಹಯನಕ್ಕೆ ಮೂರು. (ದಾಸದಾಸಿಯರಿಗೂ ಅವಧಿಯನ್ನು ಹೇಳಿರುವನು, ಆ ಕಾಲದ ಆ ಕಳಂಕವನ್ನು ಮರೆಮಾಚುವದು ಸರಿಯಲ್ಲ.) ಬೀಜವು ಮೊಳೆಯಬೇಕು, ಎಮ್ಮೆಯು ಹಿಂಡಬೇಕು, ಎತ್ತು ಎಳೆಯಬೇಕು, ಅದಕ್ಕೆ ತಕ್ಕಷ್ಟು ದಿನಗಳು. ಈ ಸ್ಮೃತಿಗೆ ಮಿತಾಕ್ಷರವೆಂಬ ಪ್ರಸಿದ್ಧ ಟೀಕೆಯನ್ನು ಬರೆದ ವಿಜ್ಞಾನೇಶ್ವರನು ನಮ್ಮವನೇ. 1076ರಿಂದ 1126ರ ವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಆ ಪಟ್ಟಣವು.

ಹಾಗಾದರೆ ಗಣಕಯಂತ್ರವನ್ನು ಯಾವ ವರ್ಗಕ್ಕೆ ಸೇರಿಸಬೇಕು? ಮಾಡಿದ್ದು ಲೋಹದಿಂದ, ಬೆಲೆಯು ರತ್ನದ್ದು, ಮನೆಯು ಬದುಕುವದು ಹಯನದ ಮೇಲೆ ಬದುಕಿದಂತೆ. ಅದರ ರೋಗವಾದರೋ ನಾಲ್ಕು ತಿಂಗಳಿಗೆ ಹೊರಬೀಳುವದು. ಯಾಜ್ಞವಲ್ಕ್ಯನ ಯಾವ ಅವಧಿಯೂ ಸಾಲದು.

ನಮ್ಮ ತಕರಾರಿನ ತಿರುಳು ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಸಿಕ್ಕಿತು. ಮಾರಿದ್ದನ್ನು ಕೊಡದವನಿಗೂ ಕೊಂಡದ್ದನ್ನು ಒಯ್ಯದವನಿಗೂ ಆತನು ಹನ್ನೆರಡು ಪಣಗಳ ದಂಡವನ್ನು ಹೇಳಿ, ಕೆಲವು ಕಾರಣಗಳಿದ್ದರೆ ದಂಡವಿಲ್ಲವೆನ್ನುವನು. ಅವುಗಳಲ್ಲಿ ಒಂದು ದೋಷವು, ಎಂದರೆ ಸರಕಿನಲ್ಲಿಯೇ ಹುಟ್ಟಿದ ಕೊರತೆಯು. ಇನ್ನೊಂದು ಉಪನಿಪಾತವು, ಎಂದರೆ ರಾಜ, ಕಳ್ಳ, ಬೆಂಕಿ, ನೀರು ಇವುಗಳಿಂದ ಹೊರಗಿನಿಂದ ಬಂದ ಬಾಧೆಯು. ಕಂಪನಿಯವರು ನಮ್ಮದು ಉಪನಿಪಾತವೆಂದರು. ನಾವು ದೋಷವೆಂದೆವು. ಎರಡು ಸಾರೆ ಬೇಸಗೆ ಚಳಿಗಳಲ್ಲಿ ಚೀಟಿಯು ಬಿಳಿಯಿದ್ದಾಗಲೇ ಅದೇ ಫಲಕವು ಸತ್ತಿದ್ದರೆ, ಮೂರನೆಯ ಸಾವಿಗೆ ಮಾತ್ರ ನೀರೇ ಕಾರಣವೆನ್ನಲು ಬರುವದೇ? ಇಷ್ಟೇ ನಮ್ಮ ವಾದವು.

ಆ ಚೀಟಿಯ ವಿಷಯವನ್ನು ವಿಚಾರಿಸುತ್ತ ಹೋದಾಗ ಅಮೇರಿಕೆಯ ಒಂದು ಪ್ರಸಂಗವು ತಿಳಿಯಿತು. ಆಪಲ್ ಕಂಪನಿಯವರು (ನಮ್ಮ ಯಂತ್ರದವರು ಅವರಲ್ಲ) ತಮ್ಮ ಫೋನುಗಳಲ್ಲಿ ಇಂಥವೇ ಚೀಟಿಗಳನ್ನು ಇಟ್ಟು, ಕೆಂಪಾದವುಗಳಿಗೆ ಖಾತರಿಯಿಲ್ಲವೆಂದು ತಿರುಗಿ ಕಳಿಸುತ್ತಿದ್ದರು. ಬರಿಯ ಗಾಳಿಯ ತೇವದಿಂದಲೂ ಚೀಟಿಯು ಬಣ್ಣ ತಿರುಗಬಹುದೆಂಬ ವಾದವು ನ್ಯಾಯಾಲಯದಲ್ಲಿ ಎದ್ದಿತು. 2013ರಲ್ಲಿ ಆ ಕಂಪನಿಯವರು ತಪ್ಪೊಪ್ಪದೆಯೇ 5 ಕೋಟಿ 30 ಲಕ್ಷ ಡಾಲರುಗಳನ್ನು ಕೊಟ್ಟು ರಾಜಿಮಾಡಿಕೊಳ್ಳಲು ಒಪ್ಪಿದರು. ಇದಕ್ಕೂ ಹಿಂದಿನದು ಇಂಟೆಲ್ ಕಂಪನಿಯ ಪೆಂಟಿಯಮ್ ಎಂಬ ಗಣಕದ ಬುದ್ಧಿಯ ಕಥೆಯು. 1994ರಲ್ಲಿ ಥಾಮಸ್ ನೈಸ್ಲಿಯೆಂಬ ಗಣಿತದ ಪ್ರಾಧ್ಯಾಪಕನು ಅದು ಕೆಲವು ಭಾಗಾಕಾರಗಳನ್ನು ತಪ್ಪಾಗಿ ಮಾಡುವದೆಂದು ಕಂಡುಹಿಡಿದನು. ನಿಮಗೆ ಅಷ್ಟು ಸೂಕ್ಷ್ಮ ಗಣಿತವು ಬೇಕೆಂದು ತೋರಿಸಿದರೆ ಮಾತ್ರ ಬದಲಿಸಿಕೊಡುವೆವೆಂದು ಕಂಪನಿಯವರು ಮೊದಲು ಹೇಳಿದರು. ಜನರ ಕೂಗು ಎದ್ದ ಮೇಲೆ ಡಿಸೆಂಬರಿನಲ್ಲಿ ಕೇಳಿದವರಿಗೆಲ್ಲ ಬದಲಿಸಲೊಪ್ಪಿ, ಅದಕ್ಕಾಗಿ 47 ಕೋಟಿ 50 ಲಕ್ಷ ಡಾಲರುಗಳನ್ನು ತೆಗೆದಿಟ್ಟರು. ಭಾಗಾಕಾರವು ತಪ್ಪಿದರೆ ತಪ್ಪೇ. ಅದು ಯಾರಿಗೆ ಬೇಕು, ಯಾರಿಗೆ ಬೇಡವೆಂಬದನ್ನು ಮಾರಿದವನು ಹೇಳತಕ್ಕದ್ದಲ್ಲವೆಂದು ಒಬ್ಬ ಶಾಲಾಮಾಸ್ತರನಾದರೂ ಹೇಳಬಲ್ಲನು.

ಪ್ರಕೃತಕ್ಕೆ ಬರುವೆವು. ನಾವು ಮೊದಲು 1915 ಎಂಬ ಅಂಕಿಗೆ ಫೋನು ಮಾಡಿದೆವು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯು. ಅಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಮುಟ್ಟಿಸುವರು. ಆಜ್ಞೆ ಮಾಡುವ ಅಧಿಕಾರವು ಅವರಿಗಿಲ್ಲ. ಕಂಪನಿಯಿಂದ ಮತ್ತೆ ಅದೇ ನೀರಿನ ಉತ್ತರವು ಬಂದಿತು. ಬಳಿಕ ರಿಜಿಸ್ಟರ್ ಟಪಾಲಿನಿಂದ ನೋಟೀಸು ಕಳಿಸಿ ಒಂದು ತಿಂಗಳು ಕಾಯ್ದು, 2024ರ ನವೆಂಬರಿನಲ್ಲಿ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಸೊಸೆಯ ಹೆಸರಿನಿಂದ ದೂರು ಸಲ್ಲಿಸಿದೆವು.

ಇಲ್ಲಿ ಗೃಹಸ್ಥರು ತಿಳಿದಿರಬೇಕಾದ ಸಂಗತಿಗಳು ಕೆಲವಿರುವವು. 1986ರ ಕಾಯಿದೆಯನ್ನು ತೆಗೆದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ನು ತಂದರು. ಅದು 2020ರ ಜುಲೈಯಿಂದ ನಡೆಯುತ್ತಲಿರುವದು. ಹಿಂದೆ ಪ್ರತಿವಾದಿಯಿದ್ದಲ್ಲಿಗೆ ಅಥವಾ ವ್ಯವಹಾರವು ನಡೆದಲ್ಲಿಗೆ ಹೋಗಿ ದಾವೆ ಹೂಡಬೇಕಾಗಿತ್ತು. ಈಗ ಕೊಂಡವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ಹೂಡಬಹುದು. ಕೊಟ್ಟ ಬೆಲೆಯು 5 ಲಕ್ಷ ರೂಪಾಯಿಯ ವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ಕಾರಣವು ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ವಸ್ತುವಿನ ದೋಷವು ಬರಿಗಣ್ಣಿಗೆ ತಿಳಿಯದಿದ್ದರೆ ಆಯೋಗದವರು ಅದನ್ನು ಪ್ರಯೋಗಶಾಲೆಗೆ ಕಳಿಸಬಹುದು. ನೋಟೀಸು ಮುಟ್ಟಿದ ಮೂರು ತಿಂಗಳಲ್ಲಿ, ಪರೀಕ್ಷೆಯು ಬೇಕಾದರೆ ಐದು ತಿಂಗಳಲ್ಲಿ, ತೀರ್ಮಾನಿಸಲು ಯತ್ನಿಸಬೇಕೆಂದು ಕಾಯಿದೆಯು ಹೇಳುವದು.

ಕಂಪನಿಯ ವಕೀಲರು ಮೊದಲು ಎತ್ತಿದ ತಕರಾರು ನಮ್ಮನ್ನು ಬೆಚ್ಚಿಬೀಳಿಸಿತು. ಈ ಹೆಣ್ಣುಮಗಳು ಯಂತ್ರದಿಂದ ಹಣ ಗಳಿಸುತ್ತಿರುವಳು. ಆದ್ದರಿಂದ ಇದು ವಾಣಿಜ್ಯವು. ವಾಣಿಜ್ಯಕ್ಕಾಗಿ ಕೊಂಡವರು ಕಾಯಿದೆಯ ಅರ್ಥದಲ್ಲಿ ಗ್ರಾಹಕರಲ್ಲ ಎಂದು ಅವರ ವಾದವು. ನಾವು ಮಾತು ತೋಚದೆ ಕುಳಿತಿದ್ದೆವು. ಸೊಸೆಯು ಎದ್ದು ನಿಂತು, ಗ್ರಾಹಕನೆಂದರೆ ಯಾರೆಂಬದನ್ನು ಹೇಳುವ ಕಲಮಿನ ಕೆಳಗಿನ ವಿವರಣೆಯನ್ನು ತೋರಿಸಿದಳು: ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕಾಗಿಯೇ ಕೊಂಡು ತಾನೇ ಬಳಸುವದು ವಾಣಿಜ್ಯವಲ್ಲ. ಅದನ್ನವಳು ಹಿಂದಿನ ರಾತ್ರಿಯೇ ಗುರುತು ಹಾಕಿಟ್ಟಿದ್ದಳು. ಮಿತಾಕ್ಷರವನ್ನು ಓದಿದವರು ನಾವು. ಓದಬೇಕಾದದ್ದನ್ನು ಓದಿದವಳು ಅವಳು.

ಪ್ರಯೋಗಶಾಲೆಗೆ ಕಳಿಸಬೇಕೆಂಬ ಮಾತು ಬಂದ ಮೇಲೆ ಕಂಪನಿಯವರ ಧ್ವನಿಯು ಬದಲಾಯಿತು. 2025ರ ಏಪ್ರಿಲಿನಲ್ಲಿ ಹೊಸ ಯಂತ್ರವನ್ನೂ ಖರ್ಚಿಗೆಂದು 10,000 ರೂಪಾಯಿಯನ್ನೂ ಕೊಟ್ಟು ರಾಜಿಗೆ ಒಪ್ಪಿದರು. ಸೊಸೆಯ ಗಿರಾಕಿಗಳಲ್ಲಿ ಇಬ್ಬರು ಈ ಹೊತ್ತಿಗೆ ಬೇರೆಯವರ ಕಡೆಗೆ ಹೋಗಿದ್ದರು. ಗಣಪತ ಗಲ್ಲಿಯ ಒಬ್ಬರು, ಖಾನಾಪುರದ ಹಂಚಿನ ವ್ಯಾಪಾರಿಗಳೊಬ್ಬರು. ಅವರ ಲೆಕ್ಕವು ರಾಜಿಯಲ್ಲಿ ಬರಲಿಲ್ಲ. ಹಂಚಿನವರು ತಿರುಗಿ ಬಂದಿರುವರು. ಗಣಪತ ಗಲ್ಲಿಯವರು ಬಂದಿಲ್ಲ.

ಈ ನಡುವೆ ಅವಳು ಕೆಲಸವನ್ನು ನಿಲ್ಲಿಸಿರಲಿಲ್ಲ. ಹಿಂದಿನ ಆಗಸ್ಟಿನಲ್ಲಿಯೇ ತನ್ನ ಉಳಿತಾಯದಿಂದ 22,000 ರೂಪಾಯಿ ಕೊಟ್ಟು, ಆ ತರುಣನ ಅಂಗಡಿಯಿಂದ ಬಳಸಿದ ಯಂತ್ರವೊಂದನ್ನು ಕೊಂಡಿದ್ದಳು. ಅದು ಬೇರೆ ಕಂಪನಿಯದು, ನೋಡಲು ಚೆಂದವಿಲ್ಲ, ಎರಡು ಸಾರೆ ಕೆಟ್ಟು, ಎರಡು ಸಾರೆಯೂ ಸಂಜೆಯೊಳಗೆ ಸರಿಯಾಯಿತು. ನಮ್ಮನ್ನು ಅವಳು ಒಂದು ದಿನವೂ ಆಡಿಕೊಳ್ಳಲಿಲ್ಲ. ಕೊಳ್ಳುವ ದಿನ ನಾವು ನಕ್ಕದ್ದನ್ನು ನೆನೆದು ಒಮ್ಮೆ ಅವಳ ಮುಂದೆ ತಪ್ಪನ್ನು ಒಪ್ಪಿಕೊಂಡಾಗ, "ಇರ್ಲಿ ಬಿಡ್ರಿ ಮಾವಾರ, ಚಹಾ ಆರತೈತಿ" ಎಂದಳು.

ಹೊಸ ಯಂತ್ರವನ್ನು ತೆಗೆದುಕೊಳ್ಳಲು ಬೆಳಗಾವಿಗೆ ಅವಳೇ ಬಂದಳು. ಸೇವಾಕೇಂದ್ರದ ಮೇಜಿನ ಮೇಲೆ ಪೆಟ್ಟಿಗೆಯನ್ನು ಬಿಚ್ಚಿಸಿ, ಹಿಂದಿನ ಮುಚ್ಚಳವನ್ನು ಅಲ್ಲಿಯವರ ಕೈಯಿಂದಲೇ ತೆಗೆಯಿಸಿದಳು. ಚೀಲದಿಂದ ಆ ದಿನದ ವೃತ್ತಪತ್ರಿಕೆಯನ್ನು ತೆಗೆದು ತಾರೀಖು ಕಾಣುವಂತೆ ಪಕ್ಕಕ್ಕಿಟ್ಟು, ಬೆಳ್ಳಗಿದ್ದ ಚೀಟಿಗಳ ಛಾಯಾಚಿತ್ರಗಳನ್ನು ಒಂದೊಂದಾಗಿ ತೆಗೆದುಕೊಂಡಳು. ಅಷ್ಟಾದ ಮೇಲೆ ರಸೀದಿಗೆ ಸಹಿ ಮಾಡಿದಳು.